ಮಿದುಳಿನ ತಾಯಿ

ವೈದ್ಯಕೀಯ ನಿಘಂಟು ಬರೆಯುವವರಿಗೆ ಒಂದು ಶಾಪವಿದೆ: ಯಾವ ರೋಗದ ಪದ ಬರೆಯುತ್ತಾರೋ ಅದು ಮೈಗೇ ಬಂದಂತಾಗುತ್ತದೆ. ಮನೆಯಲ್ಲೇ ಕೂತು ಆ ಕೆಲಸ ಮಾಡುತ್ತಿದ್ದ ಸೊಸೆಗೆ ಕಾಮಾಲೆ ಬಂದು ಹೋಗಿತ್ತು, ಕ್ಷಯ ಬಂದು ಹೋಗಿತ್ತು. ಪರೀಕ್ಷೆ ಮಾಡಿಸಿದರೆ ಎಲ್ಲ ಸೊನ್ನೆ. "ಈ ವಾರ ಯಾವ ಅಕ್ಷರದ ಕಾಯಿಲೆ?" ಎಂದು ಅತ್ತೆ ಕಾಲೆಳೆಯುತ್ತಿದ್ದರು.

ಆ ವಾರ ಮಿದುಳಿನ ಪೊರೆಗಳ ಸರದಿ. ಪೊರೆಗೆ ತಾಯಿ ಎಂಬ ಹೆಸರು ಹೇಗೆ ಬಂತೆಂದು ಅವಳು ಬರೆಯುತ್ತಿದ್ದಳು. ವಸ್ತುಗಳ ನಡುವೆಯೂ ತಾಯಿಮಕ್ಕಳ ನಂಟು ಹೇಳುವುದು ಹಳೆಯ ಅರಬ್ಬಿ ವೈದ್ಯರ ರೂಢಿ. ಅವರು ಅದನ್ನು ಮಿದುಳಿನ ತಾಯಿ ಎಂದರು. ಲ್ಯಾಟಿನ್ನಿಗೆ ತಂದವರು ಹಾಗೇ ಇಳಿಸಿದರು. ಹೊರಗಿನದು ಗಟ್ಟಿ ತಾಯಿ, ಒಳಗೆ ಅಂಟಿಕೊಂಡದ್ದು ಅಕ್ಕರೆಯ ತಾಯಿ. ಅದರ ಕೆಳಗಿನ ಪದ, ಆ ಪೊರೆಗಳ ಉರಿಯೂತ: ಜ್ವರ, ತಲೆನೋವು, ಬಿಗಿದ ಕತ್ತು.

ಬೆಳಿಗ್ಗೆ ಎಂಟಕ್ಕೆ ಐದು ವರ್ಷದ ಮಗಳು ಗುಬ್ಬಿ ಜ್ವರದಲ್ಲಿ ಎದ್ದಳು. ತಲೆ ನೋವೆಂದಳು. "ಗದ್ದ ಎದೆಗೆ ಮುಟ್ಟಿಸು ಕಂದಾ." ಮುಟ್ಟಲಿಲ್ಲ. 

"ಅತ್ತೆ, ಇವಳ ಕತ್ತು ಬಗ್ತಾ ಇಲ್ಲ. ಮಿದುಳಿನ ಪೊರೆಗೇ..."

"ಶುರುವಾಯ್ತಾ? ಇಷ್ಟು ದಿನ ನಿನಗೆ ಬರ್ತಿತ್ತು, ಈಗ ಮಗೂಗೂ ಹಚ್ಚಿದೆಯಾ! ದಿಂಬು ಸರಿಯಿರಲಿಲ್ಲ, ಅಷ್ಟೇ."

ಅವಳೂ ನಕ್ಕುಬಿಟ್ಟಳು. ಹಗ್ಗ ಕಂಡು ಹಾವೆಂದು ಅಷ್ಟು ಸಲ ಬೆಚ್ಚಿದವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಉಳಿದಿರಲಿಲ್ಲ. ಜ್ವರದ ಔಷಧಿ ಕುಡಿಸಿ ಮೇಜಿನ ಮುಂದೆ ಕೂತಳು. ಬರೆದದ್ದು ಒಂದು ಸಾಲೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕತ್ತು ಮುಟ್ಟುವಳು, ಹೆದರುವಳು, ಹೆದರಿದ್ದಕ್ಕೆ ನಾಚುವಳು. ಮಧ್ಯಾಹ್ನ ಎರಡಕ್ಕೆ ಮಗು ವಾಂತಿ ಮಾಡಿ, ಕಿಟಕಿಯ ಬೆಳಕು ಕಂಡು ಚೀರಿತು. ಅವಳು ಎತ್ತಿಕೊಂಡು ಓಡಿದಳು. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಬಂದರು.

"ಕತ್ತು ಬಿಗಿದಿದ್ದು ಯಾವಾಗಿಂದ?" ಎಂದು ಕೇಳಿದರು ಆಸ್ಪತ್ರೆಯ ಡಾಕ್ಟರ್.

"ಈಗ..." ಎನ್ನಹೊರಟ ಅತ್ತೆಯನ್ನು ತಡೆದು ಅವಳೇ ಹೇಳಿದಳು: "ಬೆಳಿಗ್ಗೆ ಎಂಟರಿಂದ. ನನಗೆ ಗೊತ್ತಿತ್ತು."

ಮಗುವಿನ ಬೆನ್ನಿನಿಂದ ತೆಗೆದ ನೀರು ಕದಡಿತ್ತು: ಅವಳು ಹೆದರಿದ್ದ ಉರಿಯೂತವೇ. ಮದ್ದು ಏರಿಸಿದರು. ಮೂರನೆಯ ದಿನ ಜ್ವರ ಇಳಿಯಿತು. "ಇನ್ನು ಜೀವಕ್ಕೆ ಭಯ ಇಲ್ಲ," ಎಂದರು ಡಾಕ್ಟರ್. "ಆದ್ರೆ ಈ ಕಾಯಿಲೆ ಒಮ್ಮೊಮ್ಮೆ ಕಿವಿ ತಗೊಂಡು ಹೋಗುತ್ತೆ. ಕೂಗಿ ನೋಡಿ."

ಅವಳು ಹಾಸಿಗೆಯತ್ತ ಬಾಗಿದಳು. ಗುಬ್ಬಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಗುಬ್ಬೀ." ಮತ್ತೆ, ಜೋರಾಗಿ, "ಗುಬ್ಬೀ!"

ಪಕ್ಕದ ಹಾಸಿಗೆಯ ಮಗು ತಿರುಗಿ ನೋಡಿತು. ಅತ್ತೆ ಭುಜ ಮುಟ್ಟಿದಾಗ ಗುಬ್ಬಿ ಹೊರಳಿದಳು. ಕೂಗುತ್ತಲೇ ಇದ್ದ ಅಮ್ಮನ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿ ಅಂದಳು:

"ಅಮ್ಮಾ, ಬರೀ ಬಾಯಿ ಆಡಿಸ್ಬೇಡ. ಮಾತಾಡು."