ಕಾಲುಚೀಲದ ಗೊಂಬೆ ಮತ್ತು ನಮ್ಮ ಯಜಮಾನರು

ನಮ್ಮ ಯಜಮಾನರು ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಅವರಿಗಿರೋ ಒಂದೇ ರೋಗ ಅಂದ್ರೆ, ನಾನು ಏನಾದ್ರೂ ಮಾಡ್ತಾ ಒಂಚೂರು ತಡವರಿಸಿದರೆ ಸಾಕು, "ಕೊಡೇ ಇಲ್ಲಿ" ಅಂತ ಕಿತ್ಕೊಂಡು ತಾವೇ ಮುಗಿಸಿಬಿಡ್ತಾರೆ. ಡಬ್ಬಿ ಮುಚ್ಚಳ, ಫೋನು, ಸ್ಕೂಟರು, ಯಾವುದನ್ನೂ ಬಿಟ್ಟಿಲ್ಲ. ಹೊಲಿಗೆ ನನ್ನ ಕಸುಬು. ಆ ಮೆಷಿನ್ ಒಂದನ್ನ ಮಾತ್ರ ಅವರು ಮುಟ್ಟಲ್ಲ, ಸೂಜಿ ಕಂಡ್ರೆ ಭಯ.

ನನ್ನ ತಮ್ಮ ಮನೆ ಬದಲಾಯಿಸುವಾಗ ತನ್ನ ವಿಡಿಯೋ ಗೇಮನ್ನ ನಮ್ಮಲ್ಲಿ ಬಿಟ್ಟು ಹೋದ. ಅದರಲ್ಲೊಂದು ಆಟ. ಅಯ್ಯೋ, ಎಷ್ಟು ಮುದ್ದು ಅಂತೀರಾ! ಎಲ್ಲಾ ಯಾರೋ ಕೈಯಲ್ಲೇ ಹೊಲಿದಿಟ್ಟ ಹಾಗೆ. ಗುಡ್ಡ ಉಣ್ಣೆದು, ಮೋಡ ಹತ್ತಿದು, ಹೊಳೆ ನೀಲಿ ಸ್ಯಾಟಿನ್ನು. ಹಳೇ ಕಾಲುಚೀಲದ ಗೊಂಬೆ, ಗುಂಡಿ ಕಣ್ಣು. ಅದನ್ನ ಓಡಿಸಿ, ಹಾರಿಸಿ, ಕೊನೇ ಗುಡ್ಡದ ಮೇಲಿರೋ ಅದರ ಮನೆ ಮುಟ್ಟಿಸಬೇಕು. ಇದೊಂದನ್ನಾದ್ರೂ ಶುರುವಿಂದ ಕೊನೇವರೆಗೆ ನಾನೊಬ್ಬಳೇ ಮುಗಿಸ್ಬೇಕು ಅಂತ ಹಟ ಹಿಡಿದೆ. ಯಜಮಾನರು ಮನೇಲಿ ಇಲ್ಲದಾಗ ಮಾತ್ರ ಆಡ್ತಿದ್ದೆ.

ಭಾನುವಾರ ಅವರು ಗೆಳೆಯರ ಮನೆಗೆ ಹೊರಟರು. ಬಾಗಿಲು ಹಾಕಿದ್ದೇ ತಡ, ಟೀವಿ ಮುಂದೆ ಕೂತೆ. ಒಂದು ಗೋಡೆ ಹತ್ರ ಸಿಕ್ಕಿಹಾಕ್ಕೊಂಡೆ. ಹಾರಿದೆ, ಗುದ್ದಿದೆ, ಬೈದೆ. ಊಹೂಂ. ಗೋಡೆ ಅಂಚಲ್ಲಿ ಒಂದು ಕೆಂಪು ದಾರ ಜೋತಾಡ್ತಿತ್ತು. ಯಾರು ಹೊಲಿದಿದ್ದೋ, ತುದಿ ಕತ್ತರಿಸೋಕ್ಕೂ ಸೋಮಾರಿತನ ಅಂತ ಗೊಣಗಿ ಮತ್ತೆ ಹಾರೋಕೆ ಶುರು ಮಾಡಿದೆ.

ಅಷ್ಟರಲ್ಲಿ ಯಜಮಾನರ ಫೋನು. "ಏನ್ಮಾಡ್ತಿದ್ದೀಯಾ?"

"ಏನಿಲ್ಲ ರೀ, ಈ ಗೋಡೆ..."

"ಯಾವ ಗೋಡೆ? ಟೀವಿ ಸದ್ದು ಕೇಳಿಸ್ತಿದೆ, ಗೇಮಾ? ಇರು, ಏನೂ ಮುಟ್ಬೇಡ, ಬಂದೆ. ಅದೇನು ಮಹಾ, ನಾನು ದಾಟಿಸಿಕೊಡ್ತೀನಿ."

ಅವರು ಬರೋದ್ರೊಳಗೆ ದಾಟಲೇಬೇಕು. ಕಣ್ಣು ಮತ್ತೆ ಆ ದಾರದ ಮೇಲೇ ಹೋಯ್ತು. ಛೇ ಛೇ! ಜೋತಾಡೋ ದಾರ ಕಂಡ್ರೆ ಕತ್ತರಿಸ್ಬೇಕು, ಎಳೆದ್ರೆ ಬಟ್ಟೆ ಪೂರ್ತಿ ಸುಕ್ಕಾಗುತ್ತೆ ಅಂತ ಹೊಲಿಗೆ ಕಲಿಯೋಕೆ ಬರೋರಿಗೆಲ್ಲ ಬಾಯಿ ನೋಯೋವರೆಗೆ ಹೇಳೋಳು ನಾನು. ಹಾಳಾಗ್ಲಿ ಅಂತ ಗೊಂಬೆ ಕೈಲಿ ದಾರ ಹಿಡಿಸಿ, ಕಣ್ಣು ಮುಚ್ಕೊಂಡು ಎಳೆದೇಬಿಟ್ಟೆ. ಕಣ್ಣು ಬಿಟ್ಟು ನೋಡ್ತೀನಿ, ಗೋಡೆ ಸರಸರ ಬಿಚ್ಕೊಂಡು ನೆಲಕ್ಕೆ ಬಿದ್ದಿದೆ, ಆಚೆ ಹೊಳೆ, ಅದರಾಚೆ ಕೊನೇ ಗುಡ್ಡ! ಇಷ್ಟು ಹೊತ್ತು ನನ್ನ ಕಸುಬೇ ನನಗೆ ಅಡ್ಡ ನಿಂತಿತ್ತು ನೋಡಿ.

ಗೊಂಬೆ ಹೊಳೆ ದಂಡೆ ಮುಟ್ಟೋ ಹೊತ್ತಿಗೆ ಬಾಗಿಲು ತೆರೀತು. ಯಜಮಾನರು ಚಪ್ಪಲಿ ಬಿಡೋ ಮೊದಲೇ ಕೈ ಚಾಚಿದರು. "ಕೊಡೇ ಇಲ್ಲಿ, ಈ ಜಿಗಿತ ಕಷ್ಟ ಇದೆ."

"ಕೊಡಲ್ಲ ರೀ."

"ಬಿದ್ದೋಗುತ್ತೆ ಕಣೇ!"

"ಬೀಳಲಿ. ನನ್ನ ಗೊಂಬೆ, ನಾನು ಬೀಳಿಸ್ತೀನಿ. ನೀವು ಕೂತ್ಕೊಳ್ಳಿ."

ನನ್ನ ದನಿ ಕೇಳಿ ನನಗೇ ಗಾಬರಿ ಆಯ್ತು. ಅವರು ತೆಪ್ಪಗೆ ಕೂತರು, ಎರಡೂ ಕೈಯನ್ನ ತೊಡೆ ಕೆಳಗೆ ಸಿಕ್ಕಿಸ್ಕೊಂಡು. ನಾನು ಹಾರಿದೆ. ಗೊಂಬೆ ಸೀದಾ ಹೊಳೆಗೆ ಬಿತ್ತು.

ಯಜಮಾನರು ಕೂತಲ್ಲೇ ಚಡಪಡಿಸಿದರು, ಪಾಪ. ಕೈ ಮಾತ್ರ ಈಚೆ ಬರಲಿಲ್ಲ.

"ಇನ್ನೊಂದ್ಸಲ ಹಾರು," ಅಂದರು.