ಹೋಗುವಾಗ ಎರಡು ತಟ್ಟು

ಕಂಪ್ಯೂಟರಿಗೆ ಏನನ್ನಾದರೂ ಸಿಕ್ಕಿಸಿದರೆ, ಕಿತ್ತರೆ ಆಪರೇಟಿಂಗ್ ಸಿಸ್ಟಮ್ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮ ಬರೆಯುವುದು ತಮ್ಮನ ಕೆಲಸ. ಇಯರ್‌ಫೋನ್ ಕಿತ್ತುಬಂದರೆ ದನಿ ಕ್ಷಣವೂ ನಿಲ್ಲದೆ ಸ್ಪೀಕರಿಗೆ ಹೋಗಬೇಕು ಎಂದು ಬರೆದು, ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಪರೀಕ್ಷಿಸಿ ನೋಡಲೆಂದು ಅದನ್ನು ಮೊದಲು ಹಾಕಿಕೊಟ್ಟದ್ದು ಅಕ್ಕನ ಲ್ಯಾಪ್‌ಟಾಪಿಗೆ. ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರು ಅವಳ ಕಿವಿಯಲ್ಲಿ ಓದಿ ಹೇಳುತ್ತದೆ.

ಕಿವಿಯಲ್ಲೇ ಹೇಳಿದ್ದರೆ ಚೆನ್ನಾಗಿತ್ತು. ಆಫೀಸಿನಲ್ಲಿ ಅವಳು ಬೇರೊಂದು ಕೆಲಸಕ್ಕೆ ಅರ್ಜಿ ಬರೆದು ಕೇಳಿಸಿಕೊಳ್ಳುತ್ತಿದ್ದಾಗ ಯಾರದೋ ಚೀಲ ತಗುಲಿ ವೈರು ಕಿತ್ತುಬಂತು. 'ಈಗಿನ ಮ್ಯಾನೇಜರ ಜೊತೆ ಏಗುವುದು ಕಷ್ಟವಾಗಿದೆ' ಎಂದು ಸ್ಪೀಕರು ಇಡೀ ಹಾಲಿಗೆ ಡಂಗುರ ಸಾರಿತು. ಅರ್ಜಿಯಲ್ಲಿ ಹಾಗೆಲ್ಲ ಬರೆಯಬಾರದು ಎಂಬುದು ಬೇರೆ ಮಾತು. ಮ್ಯಾನೇಜರು ಅಲ್ಲೇ ನಿಂತು ಟೀ ಕುಡಿಯುತ್ತಿದ್ದರು.

"ಎಲ್ಲರೂ ನಕ್ಕರು ಕಣೋ. ಯಾರ್ಯಾರು ಅಂತಾನೂ ನನಗೆ ಗೊತ್ತಾಗಲಿಲ್ಲ," ಅಂದಳು ಅಕ್ಕ, ಸಂಜೆ ಮನೆಗೆ ಬಂದು. "ಇನ್ನು ಈ ಯಂತ್ರ ಮುಟ್ಟಲ್ಲ. ಕೆಲಸಾನೇ ಬಿಡ್ತೀನಿ."

ತಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. ಅಲ್ಲೇ ಕೂತು ನಿಯಮ ಬದಲಿಸಿದ: ವೈರು ಕಿತ್ತರೆ ಪೂರ್ತಿ ಮೌನ. ಅಕ್ಕನನ್ನು ಒಪ್ಪಿಸಿ, ಇಯರ್‌ಫೋನ್ ಹಾಕಿಸಿ, ಅದೇ ಅರ್ಜಿ ಓದಿಸುತ್ತ ವೈರನ್ನು ತಾನೇ ಸದ್ದಿಲ್ಲದೆ ಎಳೆದು ನೋಡಿದ.

ಅಕ್ಕ ಕಾದಳು. ಕೀಲಿಮಣೆಯ ಒಂದು ಕೀಲಿ ಒತ್ತಿದಳು, ಮತ್ತೊಂದು ಒತ್ತಿದಳು. "ಕೆಟ್ಟುಹೋಯ್ತಾ?" ಎನ್ನುತ್ತ ಸಿಕ್ಕಿದ್ದನ್ನೆಲ್ಲ ಒತ್ತಿದಳು. ಅರ್ಜಿ ಅರ್ಧಕ್ಕರ್ಧ ಅಳಿಸಿಹೋಯಿತು. ಮ್ಯಾನೇಜರ ಸಾಲು ಮಾತ್ರ ಹಾಗೇ ಉಳಿಯಿತು.

"ಕಿರುಚಬೇಡ ಅಂದೆ, ಬಾಯಿ ಹೊಲ್ಕೋ ಅನ್ನಲಿಲ್ಲ!" ಎಂದು ಅಕ್ಕ ಯಂತ್ರದ ಮೇಲೆ ರೇಗಿದಳು.

"ಕೂತರೂ ತಪ್ಪು, ನಿಂತರೂ ತಪ್ಪು!" ಎಂದು ಸಿಡುಕಿ ಅವನು ಅಡುಗೆಮನೆಗೆ ಎದ್ದುಹೋದ. ಹಳೆಯ ಫ್ಯಾನಿನ ಗಡಗಡದಲ್ಲಿ ಅಕ್ಕನಿಗೆ ಅವನ ಹೆಜ್ಜೆಯ ಸದ್ದು ಕೇಳಿಸಲಿಲ್ಲ.

ನೀರಿನ ಲೋಟ ಎತ್ತುವಾಗ ಕೋಣೆಯಿಂದ ಅಕ್ಕನ ದನಿ ಬಂತು. "ಬೈದೆ ಅಂತ ಬೇಜಾರು ಮಾಡ್ಕೋಬೇಡ. ಹೆದರಿಕೆ ಆಯ್ತು, ಅಷ್ಟೇ. ನಿನ್ನ ಬಿಟ್ರೆ ನಾನು ಯಾರಿಗೆ ಬೈಲಿ, ಹೇಳು?" ಉತ್ತರಕ್ಕೆ ಕಾದು, ಮತ್ತೆ ಕೇಳಿದಳು, "ಕೋಪಾನಾ?" ಖಾಲಿ ಕುರ್ಚಿಯನ್ನು ಕೇಳುತ್ತಿದ್ದಳು.

ಅವನು ಲೋಟವನ್ನು ಅಲ್ಲೇ ಇಟ್ಟ. ಕೋಣೆ ಬಿಟ್ಟು ಹೊರಡುವಾಗ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಬೇಕು ಎಂಬುದು ಚಿಕ್ಕಂದಿನಿಂದ ಅವರಿಬ್ಬರ ಕಟ್ಟಳೆ. 'ಹೋಗೋದಾದ್ರೆ ಹೇಳಿ ಹೋಗು, ಗೋಡೆ ಜೊತೆ ಮಾತಾಡಿಸಬೇಡ' ಎಂದು ಅವಳೇ ಕಲಿಸಿದ್ದಳು. ಅಮ್ಮ ತೀರಿಕೊಂಡ ದಿನವೂ ಅವನು ಅದನ್ನು ಮರೆತಿರಲಿಲ್ಲ.

ಓಡಿ ಬಂದ. "ತಪ್ಪಾಯ್ತು ಅಕ್ಕ. ತಟ್ಟದೆ ಹೋಗಿಬಿಟ್ಟೆ."

ಆಮೇಲೆ ಚೌಕಟ್ಟಿಗೆ ಬೆರಳಗಂಟಿನಿಂದ ತಟ್ಟಿ ಆ ಸದ್ದನ್ನು ಧ್ವನಿಮುದ್ರಿಸಿಕೊಂಡ. ಹೊಸ ನಿಯಮ ಬರೆದ: ವೈರು ಕಿತ್ತರೆ ಓದು ನಿಲ್ಲಬೇಕು, ಯಾವ ಕೀಲಿಯೂ ಏನನ್ನೂ ಅಳಿಸಬಾರದು, ಸ್ಪೀಕರು ಎರಡು ಸಲ ಮೆಲ್ಲಗೆ ತಟ್ಟಬೇಕು. ಅಕ್ಕ ಅರ್ಜಿ ಕೇಳಿಸಿಕೊಳ್ಳುತ್ತಿರುವಾಗ ಮತ್ತೆ ಹೇಳದೆ ಕೇಳದೆ ವೈರು ಎಳೆದ.

ಟಕ್, ಟಕ್.

ಅಕ್ಕನ ಕೈ ನೇರ ವೈರಿಗೆ ಹೋಯಿತು. ಸಿಕ್ಕಿಸಿದಳು, ಓದು ನಿಂತಲ್ಲಿಂದಲೇ ಮುಂದುವರಿಯಿತು. ಅವಳು ಅದಕ್ಕೆ ಕಿವಿಗೊಡಲಿಲ್ಲ. ವೈರನ್ನು ತಾನೇ ಕಿತ್ತು, ಆ ತಟ್ಟುವ ಸದ್ದನ್ನು ಇನ್ನೊಮ್ಮೆ ಆಲಿಸಿದಳು.

"ನಮ್ಮನೆ ಬಾಗಿಲಲ್ವೇನೋ ಇದು?"

"ಹೂಂ."

"ಯಂತ್ರಾನ ಚೀಲಕ್ಕೆ ಹಾಕಿಡು," ಅಂದಳು. "ಬೆಳಗ್ಗೆ ಆಫೀಸಿಗೆ ಬೇಕು."