ಟೀಚರಮ್ಮನ ಕಾರ್ಡು

“ಬೀರುವಿನ ಬೀಗದಕೈ ಕೊಡಿ, ಸಿಸ್ಟರ್,” ಎಂದರು ಡಾಕ್ಟರು, ಇನ್ನೂ ಕೂರುವ ಮೊದಲೇ.

ಚುನಾವಣೆ ಗೆದ್ದು ಶಾಸಕರಾದ ಹತ್ತು ವರ್ಷಗಳಲ್ಲಿ ಅವರು ತಮ್ಮದೇ ಕ್ಲಿನಿಕ್ಕಿಗೆ ಕಾಲಿಟ್ಟದ್ದು ಇದು ಮೂರನೇ ಸಲ. ಮೊದಲೆರಡು ಸಲ ಜೊತೆಗೆ ಫೋಟೊದವರಿದ್ದರು. ಇವತ್ತು ಯಾರೂ ಇಲ್ಲ. ಕ್ಲಿನಿಕ್ಕು ನಡೆಸುವ ಶಿಷ್ಯನನ್ನೂ ಚಹಾ ಕುಡಿದು ಬಾ ಎಂದು ಹೊರಗೆ ಅಟ್ಟಿದ್ದರು. ಅಬ್ಬಾ, ಮೈಗೆ ಬಳಿದುಕೊಂಡ ಅತ್ತರೋ! ಒಂದು ಕಾಲಕ್ಕೆ ಇದೇ ಮನುಷ್ಯನ ಮೈಯಿಂದ ಡೆಟಾಲಿನ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ನರ್ಸಮ್ಮ ಸ್ಟೆರಿಲೈಸರಿನ ಮುಚ್ಚಳ ಸರಿಪಡಿಸಿದಳು. ಒಳಗೆ ಕತ್ತರಿ, ಚಿಮಟಗಳು ಕುದಿಯುತ್ತಿದ್ದವು.

“ಯಾವ ಕಾರ್ಡು ಅಂತ ನಿಮ್ಮ ಪಿಎ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ರು,” ಎಂದಳು.

“ಮತ್ತೆ ಇನ್ನೇನು? ಕೊಡಿ.”

ಚಿಕಿತ್ಸೆಯ ವಿವರ ಬರೆದಿಟ್ಟ ಆ ಕಾರ್ಡು ಟೀಚರಮ್ಮನದು. ಹನ್ನೊಂದು ವರ್ಷದ ಹಿಂದೆ ಆಕೆಯ ಮಗು ಸತ್ತಾಗ ಆಕೆ ಊಟ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು, ಬೀದಿಯಲ್ಲಿ ಕಂಡವರ ಮಕ್ಕಳನ್ನೆಲ್ಲ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದಳು. ಆರು ತಿಂಗಳು ಮದ್ದು ಕೊಟ್ಟು ಆಕೆಯನ್ನು ಮನುಷ್ಯಳನ್ನಾಗಿ ಮಾಡಿದವರು ಇದೇ ಡಾಕ್ಟರು. ಈ ಸಲ ಅದೇ ಟೀಚರಮ್ಮ ಅವರ ಎದುರು ಚುನಾವಣೆಗೆ ನಿಂತಿದ್ದಾಳೆ. ಮತದಾನಕ್ಕೆ ಹನ್ನೆರಡು ದಿನ.

“ಆ ಕಾರ್ಡಿಂದ ಏನ್ಮಾಡ್ತೀರಿ?”

“ಜನಕ್ಕೆ ಗೊತ್ತಾಗಬೇಕಲ್ಲ ಸಿಸ್ಟರ್. ತಲೆ ಕೆಟ್ಟವಳ ಕೈಗೆ ಊರು ಕೊಡೋಕಾಗುತ್ತಾ?”

“ವಾಸಿಯಾಗಿದೆ ಅಂತ ನೀವೇ ಬರೆದಿದ್ರಿ.”

“ನಾನು ಬರೆದಿದ್ದನ್ನ ಏನು ಮಾಡ್ಬೇಕು ಅಂತ ನನಗೆ ಗೊತ್ತು.”

ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ಈ ಕೋಣೆಯ ಕಾರ್ಡು ರೋಗಿಯ ಹೆಂಡತಿಯ ಕಣ್ಣಿಗೂ ಬೀಳಬಾರದು ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ತಾಕೀತು ಮಾಡಿದ್ದವರು ಇವರು. ಒಮ್ಮೆ ಪೊಲೀಸಿನವನು ಕೇಳಿದಾಗಲೂ ಬಾಗಿಲು ತೋರಿಸಿದ್ದರು. ಆ ದಿನ ಅವಳು ಮನೆಗೆ ಹೋಗಿ ಗಂಡನ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ತನ್ನ ಬುದ್ಧಿಗಿಷ್ಟು!

“ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ, ಡಾಕ್ಟ್ರೇ.”

ಡಾಕ್ಟರು ನಕ್ಕರು. ವೇದಿಕೆಯ ಮೇಲೆ ನಗುವ ನಗು. “ನಿಮ್ಮ ಮಗಳ ಕೆಲಸ ಇನ್ನೂ ಖಾಯಂ ಆಗಿಲ್ಲ, ಅಲ್ವಾ? ಪಟ್ಟಿ ನನ್ನ ಮೇಜಿನ ಮೇಲೇ ಇದೆ.”

ಮಗಳು ಮೂರು ವರ್ಷದಿಂದ ಆ ಪಟ್ಟಿಯನ್ನೇ ಕಾಯುತ್ತಿದ್ದಳು. ನರ್ಸಮ್ಮ ಸೊಂಟದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

ಡಾಕ್ಟರು ಬೀರು ತೆರೆದರು. ಮೂರನೇ ಕಟ್ಟು, ನಾಲ್ಕನೇ ಕಟ್ಟು. ಕಾರ್ಡುಗಳು ನೆಲಕ್ಕೆ ಬಿದ್ದವು. ಊರಿನ ಕೆಮ್ಮು, ಮೂಲವ್ಯಾಧಿ, ಬಸಿರು, ಎಲ್ಲವೂ ಅವರ ಬೂಟಿನಡಿ ಬಂದವು. ಟೀಚರಮ್ಮ ಮಾತ್ರ ಸಿಗಲಿಲ್ಲ.

“ಎಲ್ಲಿ?”

“ತೆಗೆದಿಡಿ ಅಂತ ನಿಮ್ಮ ಪಿಎ ಅಂದ್ರು. ಬೆಳಿಗ್ಗೆನೇ ತೆಗೆದೆ.”

“ಎಲ್ಲಿಟ್ಟಿದೀಯ?” ‘ನೀವು’ ಹೋಗಿ ‘ನೀನು’ ಬಂದಿತ್ತು. ಹಾರಿ ಬಂದು ಅವಳ ಮಣಿಕಟ್ಟು ಹಿಡಿದರು. ಹೆಬ್ಬೆರಳು ನರದ ಮೇಲೆ ಬಲವಾಗಿ ಒತ್ತಿತು. ಅವಳಿಗೆ ನೋವಾಯಿತು, ಆದರೂ ಕೈ ಎಳೆದುಕೊಳ್ಳಲಿಲ್ಲ. ಮುಚ್ಚಳ ಕಟಕಟ ಎನ್ನುತ್ತಿದ್ದ ಸ್ಟೆರಿಲೈಸರಿನ ಕಡೆ ಕಣ್ಣು ಹಾಯಿಸಿದಳು.

ಡಾಕ್ಟರು ಇನ್ನೊಂದು ಕೈಯಿಂದ ಮುಚ್ಚಳ ಎತ್ತಿದರು. ಕತ್ತರಿಗಳ ನಡುವೆ ಮುದ್ದೆಯಾದ ರಟ್ಟು ತೇಲುತ್ತಿತ್ತು. ಅವರ ಇಂಕ್ ಪೆನ್ನಿನ ಆರು ತಿಂಗಳ ಬರವಣಿಗೆ ನೀರನ್ನೆಲ್ಲ ನೀಲಿ ಮಾಡಿತ್ತು.

“ನಿನ್ನ ಮಗಳ ಗತಿ ನೋಡ್ಕೋ,” ಎಂದರು, ಹಲ್ಲು ಕಡಿಯುತ್ತ. ಅವಳ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

“ನೋಡ್ಕೋತೀನಿ. ಹೆಬ್ಬೆರಳು ತೆಗೀರಿ, ಡಾಕ್ಟ್ರೇ. ಹೆಬ್ಬೆರಳಲ್ಲಿ ನಾಡಿ ಹಿಡಿದ್ರೆ ಸಿಗೋದು ನಮ್ಮದೇ ಬಡಿತ ಅಂತ ನೀವೇ ಕಲಿಸಿದ್ರಿ.”

ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು ಹಿಡಿತ ಬಿಟ್ಟರು, ಸರಸರನೆ ಹೊರನಡೆದರು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು.

ನರ್ಸಮ್ಮ ನೆಲದ ಕಾರ್ಡುಗಳನ್ನು ಆಯ್ದು, ಬೂಟಿನ ಧೂಳನ್ನು ಸೆರಗಿನಿಂದ ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ನೀಲಿ ನೀರನ್ನು ಬಚ್ಚಲಿಗೆ ಚೆಲ್ಲಿ, ಹೊಸ ನೀರು ತುಂಬಿ, ಕತ್ತರಿಗಳನ್ನು ಮತ್ತೆ ಕುದಿಯಲಿಟ್ಟಳು.